ಹಿನ್ನೀರಿನ ದಡದ ಇಂಗ್ಲಿಷು

ಶರಾವತಿ ಹಿನ್ನೀರಿನ ತುಮರಿ ಕಡೆಯ ಮಕ್ಕಳಿಗೆ ನಾನು ಇಂಗ್ಲಿಷ್ ಕಲಿಸುತ್ತಿದ್ದಾಗ ಪ್ರತಿ ವರ್ಷ ತಪ್ಪದೆ ಎದುರಾಗುತ್ತಿದ್ದ ಪದವೊಂದಿತ್ತು. ದ್ವೀಪಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಕೇಳಿದರೆ ಇಡೀ ತರಗತಿ ಒಂದೇ ದನಿಯಲ್ಲಿ ‘ಇಸ್‌ಲ್ಯಾಂಡ್’ ಎನ್ನುತ್ತಿತ್ತು. ಅದು ಅವರದೇ ಊರಿಗೆ ಅಂಟಿದ ಹೆಸರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹರಡಿಕೊಂಡ ಮೇಲೆ ಕರೂರು, ಬಾರಂಗಿ ಹೋಬಳಿಗಳನ್ನು ಜನ ‘ದ್ವೀಪ’ ಎಂದೇ ಕರೆಯತೊಡಗಿದರು. ನಾ. ಡಿಸೋಜರು ಮುಳುಗಡೆಯ ಕಾದಂಬರಿಗೆ ಇಟ್ಟದ್ದೂ, ಅದನ್ನು ಗಿರೀಶ ಕಾಸರವಳ್ಳಿ ಚಿತ್ರ ಮಾಡಿದಾಗ ಉಳಿಸಿಕೊಂಡದ್ದೂ ಅದೇ ಹೆಸರನ್ನು. ದ್ವೀಪದ ಮಕ್ಕಳಿಗೆ ದ್ವೀಪ ಎನ್ನುವ ಇಂಗ್ಲಿಷ್ ಮಾತೇ ತಪ್ಪುತ್ತಿತ್ತು. ಎಸ್ ಅಕ್ಷರ ಕಾಣುತ್ತದೆ, ಆದರೆ ಅದನ್ನು ಹೇಳಬಾರದು, ‘ಐಲಂಡ್’ ಅನ್ನಬೇಕು ಎಂದು ತಿದ್ದಿದರೆ ಒಬ್ಬನಾದರೂ ಕೇಳುತ್ತಿದ್ದ: ‘ಹೇಳದಿದ್ರೆ ಮತ್ತೆಂತಕ್ಕೆ ಬರೆಯೋದು ಸಾರ್?’

ಆ ಪ್ರಶ್ನೆಗೆ ಉತ್ತರ ನನಗೆ ಬಹಳ ತಡವಾಗಿ ಸಿಕ್ಕಿತು. ಹಳೆಯ ಇಂಗ್ಲಿಷಿನಲ್ಲಿ ಆ ಪದದೊಳಗೆ ಎಸ್ ಇರಲೇ ಇಲ್ಲ. ಲ್ಯಾಟಿನ್ನಿನಿಂದ ಫ್ರೆಂಚಿನ ಮೂಲಕ ಬಂದ ‘ಐಲ್’ ಎಂಬ ಬೇರೊಂದು ಪದಕ್ಕೂ ಇದಕ್ಕೂ ನಂಟಿದೆ ಎಂದು ತಪ್ಪಾಗಿ ಭಾವಿಸಿದ ಓದುಬಲ್ಲವರು ಹದಿನಾರನೆಯ ಶತಮಾನದ ಹೊತ್ತಿಗೆ ಅದನ್ನು ಬರಹದಲ್ಲಿ ತೂರಿಸಿದರು. ಜನರ ನಾಲಗೆ ಅದನ್ನು ಒಪ್ಪಿಕೊಳ್ಳಲಿಲ್ಲ, ಕಾಗುಣಿತದಲ್ಲಿ ಮಾತ್ರ ಅದು ಉಳಿಯಿತು. ನಮ್ಮ ಮಕ್ಕಳು ಮಾಡಿದ ತಪ್ಪಿನ ಬೇರು ಇಂಗ್ಲಿಷ್ ವಿದ್ವಾಂಸರ ತಪ್ಪಿನಲ್ಲಿತ್ತು. ಇದು ಮೊದಲೇ ಗೊತ್ತಿದ್ದರೆ ಅಷ್ಟು ವರ್ಷ ಮಕ್ಕಳನ್ನು ತಿದ್ದುವಾಗ ನನ್ನ ದನಿ ಬೇರೆಯಾಗಿರುತ್ತಿತ್ತು.

ಇಂಗ್ಲಿಷನ್ನು ಸಹಜವಾಗಿ ಮಾತಾಡುವುದೆಂದರೆ ಏನು, ಅದು ನಮ್ಮಂಥವರಿಗೆ ಸಾಧ್ಯವೇ, ಸಾಧ್ಯವಾಗದಿದ್ದರೆ ಏನು ಕಳೆದುಹೋಗುತ್ತದೆ ಎಂಬ ಚರ್ಚೆಯಲ್ಲಿ ಈ ‘ಇಸ್‌ಲ್ಯಾಂಡ್’ ನನಗೆ ಮೊದಲ ಪಾಠ. ಕನ್ನಡ ಲಿಪಿಯಲ್ಲಿ ಬೆಳೆದ ಮಗು ಅಕ್ಷರವನ್ನು ನಂಬುತ್ತದೆ. ಬರೆದದ್ದನ್ನು ಓದಬೇಕು, ಓದಿದ್ದನ್ನು ಬರೆಯಬೇಕು, ಅದು ನಮ್ಮ ಲಿಪಿ ಕೊಟ್ಟ ಭರವಸೆ. ಅದೇ ನಂಬಿಕೆಯಲ್ಲಿ ಮಗು ‘ಲಿಸ್ಟನ್’ ಎನ್ನುತ್ತದೆ, ‘ಪ್ಲಂಬರ್’ ಎನ್ನುತ್ತದೆ, ‘ಕಪ್‌ಬೋರ್ಡ್’ ಎನ್ನುತ್ತದೆ, ‘ವೆಡ್ನೆಸ್‌ಡೇ’ ಎನ್ನುತ್ತದೆ. ಎರಡು ಟಿ ಕಂಡಲ್ಲಿ ‘ಲೆಟ್ಟರ್’ ಎಂದು ಒತ್ತಕ್ಷರವನ್ನೇ ನುಡಿಯುತ್ತದೆ. ಇವೆಲ್ಲ ನಾಲಗೆಯ ದೋಷಗಳಲ್ಲ. ಕೇಳದೆ, ಕಣ್ಣಿನಿಂದ ಮಾತ್ರ ಕಲಿತ ಭಾಷೆಯ ಗುರುತುಗಳು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಹುಕಾಲ ಐದನೆಯ ತರಗತಿಯಿಂದ ಇಂಗ್ಲಿಷ್ ಇತ್ತು, 2007ರಿಂದ ಒಂದನೆಯ ತರಗತಿಗೇ ಬಂತು. ಆದರೆ ಬಂದದ್ದು ಪುಸ್ತಕ. ಕಿವಿಗೆ ಬೀಳುವ ಇಂಗ್ಲಿಷೆಂದರೆ ಒಂದು ಕಾಲದಲ್ಲಿ ರೇಡಿಯೋದ ಕ್ರಿಕೆಟ್ ಕಾಮೆಂಟರಿ, ಅದೂ ಸ್ಟೇಷನ್ ಸರಿಯಾಗಿ ಸಿಕ್ಕಿದ ದಿನ. ಮೊಬೈಲ್ ಬಂದ ಮೇಲೂ ನೆಟ್‌ವರ್ಕಿಗಾಗಿ ಗುಡ್ಡ ಹತ್ತುವ ಮಕ್ಕಳು ಮಲೆನಾಡಿನಲ್ಲಿದ್ದಾರೆ.

ಆಕ್ಸೆಂಟ್ ಎನ್ನುವುದಕ್ಕೆ ನಮ್ಮ ಕಡೆ ‘ರಾಗ’ ಎನ್ನುತ್ತೇವೆ. ‘ಅವರ ಮಾತಿನ ರಾಗ ಕೇಳಿದ್ರೇ ಗೊತ್ತಾಗ್ತದೆ ಘಟ್ಟದ ಕೆಳಗಿನವರು ಅಂತ.’ ಪುಸ್ತಕದಲ್ಲಿ ಧಾಟಿ, ಸೊಗಡು ಎಂಬ ಪದಗಳಿವೆ. ‘ರಾಗ’ವೇ ನಿಜಕ್ಕೆ ಹತ್ತಿರ, ಯಾಕೆ ಹತ್ತಿರ ಎಂಬುದು ಮುಂದೆ ಗೊತ್ತಾಗುತ್ತದೆ. ಇಂಗ್ಲಿಷಿನ ಮಾತೆತ್ತುವ ಮೊದಲು ಕನ್ನಡದೊಳಗೇ ಈ ವಿಷಯ ಎಷ್ಟು ನೋಯಿಸುತ್ತದೆಂದು ನೋಡಬೇಕು. ತುಮರಿಯ ಹುಡುಗ ಬೆಂಗಳೂರಿಗೆ ಹೋಗಿ ‘ಎಂತ’ ಎಂದರೆ, ‘ಆತು, ಹೋತು’ ಎಂದರೆ ರೂಮಿನವರು ನಗುತ್ತಾರೆ. ಅದೇ ಹುಡುಗ ಹಳೆ ಮೈಸೂರಿನ ಗೆಳೆಯ ಹಾಲಿಗೆ ‘ಆಲು’ ಎಂದಾಗ ತಾನೂ ನಗುತ್ತಾನೆ. ಹಕಾರ ತಪ್ಪಿದವರನ್ನು ಟೀವಿಯಲ್ಲಿ, ವೇದಿಕೆಯಲ್ಲಿ, ಶಾಲೆಯಲ್ಲಿ ಎಷ್ಟು ಹಂಗಿಸಿದ್ದೇವೆ! ಆದರೆ ಆ ಹಕಾರದ ಚರಿತ್ರೆ ಏನು? ಪಂಪನ ಕಾಲದಲ್ಲಿ ಅದು ‘ಪಾಲ್’. ಪುಲಿ ಹುಲಿಯಾದ ಹಾಗೆ ಪಾಲು ಹಾಲಾಯಿತು, ಕೆಲವರ ಬಾಯಲ್ಲಿ ಆಲೂ ಆಯಿತು. ಪಕಾರವನ್ನು ಮೊದಲು ಕೈಬಿಟ್ಟವರನ್ನೂ ಅಂದಿನ ಪಂಡಿತರು ಅಪಭ್ರಂಶದವರೆಂದೇ ಕಂಡಿರಬೇಕು, ಇಂದು ನಮ್ಮ ಶಿಷ್ಟ ಕನ್ನಡ ನಿಂತಿರುವುದು ಅವರ ಬಾಯಿಯ ಮೇಲೆ. ಬರ್ನಾರ್ಡ್ ಶಾ ‘ಪಿಗ್ಮೇಲಿಯನ್’ ನಾಟಕದಲ್ಲಿ ತಂದು ನಿಲ್ಲಿಸಿದ ಲಂಡನ್ನಿನ ಹೂ ಮಾರುವ ಹುಡುಗಿ ಎಲೈಜಾಳ ಕಷ್ಟವೂ ಬಹುಮಟ್ಟಿಗೆ ಇದೇ: ಅವಳೂ ಹಕಾರ ನುಂಗುತ್ತಾಳೆ. 1913ರಲ್ಲಿ ಮೊದಲು ರಂಗಕ್ಕೇರಿದ ಆ ನಾಟಕ ಓದುವಾಗಲೆಲ್ಲ ನನಗೆ ಮಂಡ್ಯದ ಕಡೆಯ ಗೆಳೆಯರೊಬ್ಬರು ನೆನಪಾಗುತ್ತಾರೆ. ‘ಹ’ ಬರುವ ಪದಗಳನ್ನೇ ತಪ್ಪಿಸಿ, ಮಾತಿಗೆ ಮುಂಚೆ ಒಂದು ಕ್ಷಣ ತಡೆದು, ಬೇರೆ ಪದ ಹುಡುಕುತ್ತಿದ್ದರು. ಆ ಒಂದು ಕ್ಷಣದ ತಡೆ ನನ್ನನ್ನು ಈಗಲೂ ಕಾಡುತ್ತದೆ.

ನಮ್ಮ ಮಲೆನಾಡಿನಲ್ಲೇ ಈ ಪ್ರಶ್ನೆಯನ್ನು ಎದುರಿಸಿದ ದೊಡ್ಡವರಿದ್ದಾರೆ. ತೀರ್ಥಹಳ್ಳಿಯ ಕುಪ್ಪಳಿಯ ಕುವೆಂಪು ಬರೆಯಲು ಶುರುಮಾಡಿದ್ದೇ ಇಂಗ್ಲಿಷಿನಲ್ಲಿ. 1922ರಲ್ಲಿ ಅವರ ‘ಬಿಗಿನರ್ಸ್ ಮ್ಯೂಸ್’ ಅಚ್ಚಾಯಿತು. 1924ರಲ್ಲಿ ಮೈಸೂರಿನಲ್ಲಿ ಭೇಟಿಯಾದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ತಾಯ್ನುಡಿಯಲ್ಲಿ ಬರೆಯಿರಿ ಎಂದು ಹೇಳಿದ್ದು ಕನ್ನಡಿಗರಿಗೆಲ್ಲ ಗೊತ್ತಿರುವ ಕಥೆ. ಕಸಿನ್ಸ್ ಇಂಗ್ಲೆಂಡಿನವರಲ್ಲ, ಬೆಲ್‌ಫಾಸ್ಟಿನವರು ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ತನ್ನ ನಾಡಿನ ಹಳೆಯ ನುಡಿಯನ್ನು ಇಂಗ್ಲಿಷು ಬದಿಗೆ ತಳ್ಳಿದ್ದನ್ನು ಕಂಡ ದೇಶದಿಂದ ಆ ಸಲಹೆ ಬಂತು. ಅದೇ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಇಂಗ್ಲಿಷ್ ಮೇಷ್ಟರಾಗಿ, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಹೋಗಿ 1966ರಲ್ಲಿ ಪಿಎಚ್‌.ಡಿ. ಪಡೆದರು, ಅಲ್ಲಿದ್ದಾಗಲೇ ‘ಸಂಸ್ಕಾರ’ ಬರೆದರು. ಬರ್ಮಿಂಗ್‌ಹ್ಯಾಮಿನ ಇಂಗ್ಲಿಷು ಇಂಗ್ಲೆಂಡಿನಲ್ಲೇ ನಗೆಗೀಡಾದ ಇಂಗ್ಲಿಷು. ಯಾವ ಧಾಟಿ ಚೆನ್ನ ಎಂದು ಬ್ರಿಟನ್ನಿನ ಜನರನ್ನು ಕೇಳಿದ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕೊನೆಯ ಸ್ಥಾನಗಳಲ್ಲಿ ಕಾಣಿಸಿಕೊಂಡದ್ದು ಅದು. ನಾವು ಶಾಲೆಯಲ್ಲಿ ‘ಶುದ್ಧ ಬ್ರಿಟಿಷ್ ಉಚ್ಚಾರ’ ಎಂದು ಹೇಳಿಕೊಟ್ಟದ್ದು ಬ್ರಿಟನ್ನಿನಲ್ಲಿ ನೂರಕ್ಕೆ ಮೂರು ಜನ ಮಾತ್ರ ಆಡುವ ಮಾತು ಎಂಬುದು ಭಾಷಾವಿಜ್ಞಾನಿ ಪೀಟರ್ ಟ್ರಡ್ಗಿಲ್ ಅವರ ಅಂದಾಜು. ಡೇನಿಯಲ್ ಜೋನ್ಸ್ 1917ರಲ್ಲಿ ತಂದ ಉಚ್ಚಾರಣಾ ನಿಘಂಟು ಆ ಮೂವರ ಬಾಯಿಯನ್ನು ಲೋಕಕ್ಕೆಲ್ಲ ಮಾದರಿ ಮಾಡಿತು. ಸಹಜ ಎಂದು ನಾವು ಕರೆಯುವುದು ಯಾರಿಗೆ ಸಹಜ ಎಂದು ಕೇಳುವ ಹಕ್ಕು ಇಲ್ಲಿಂದ ಹುಟ್ಟುತ್ತದೆ.

ಹಾಗೆಂದು ಹೇಗೆ ಮಾತಾಡಿದರೂ ನಡೆಯುತ್ತದೆ ಎಂದು ನಾನು ಹೇಳುವವನಲ್ಲ. ಎದುರಿನವರಿಗೆ ಅರ್ಥವಾಗದಿದ್ದರೆ ಮಾತು ಸೋತ ಹಾಗೆಯೇ. ಎಲ್ಲಿ ಸೋಲುತ್ತದೆ, ಎಲ್ಲಿ ಬರೀ ಬಣ್ಣ ಬೇರೆಯಾಗಿ ಕೇಳುತ್ತದೆ ಎಂದು ಬೇರ್ಪಡಿಸಿ ನೋಡಬೇಕು. ಈ ಬೇರ್ಪಡಿಸುವ ಕೆಲಸವನ್ನು ಕನ್ನಡದ ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾಡಿದವರು ಕಡಿಮೆ.

ನಮ್ಮ ಮಕ್ಕಳು ತರುವ ಬಂಡವಾಳ ಸಣ್ಣದಲ್ಲ. ಹ್ರಸ್ವ ದೀರ್ಘಗಳ ಅಂತರ ಕನ್ನಡದ ಉಸಿರು. ಬಿಡು ಬೇರೆ, ಬೀಡು ಬೇರೆ. ಆದ್ದರಿಂದ ‘ಶಿಪ್’ ಮತ್ತು ‘ಶೀಪ್’ ನಮ್ಮವರಿಗೆ ಕಷ್ಟವೇ ಅಲ್ಲ, ಎಷ್ಟೋ ದೇಶದವರು ವರ್ಷಗಟ್ಟಲೆ ಒದ್ದಾಡುವ ಜಾಗ ಅದು. ‘ಥಿನ್’ ಮತ್ತು ‘ಟಿನ್’ ನಮ್ಮಲ್ಲಿ ಬೆರೆಯುವುದಿಲ್ಲ. ನಾಲಗೆಯನ್ನು ಹಲ್ಲುಗಳ ನಡುವೆ ತರದೆ ದಂತ್ಯ ತಕಾರ ಥಕಾರಗಳಲ್ಲೇ ಹೇಳುತ್ತೇವೆ, ಆದರೂ ಎರಡು ಪದಗಳು ಎರಡಾಗಿಯೇ ಉಳಿಯುತ್ತವೆ. ಐರ್ಲೆಂಡಿನಲ್ಲಿ ಎಷ್ಟೋ ಜನ ಇದನ್ನು ಹೆಚ್ಚುಕಡಿಮೆ ನಮ್ಮ ಹಾಗೆಯೇ ಹೇಳುತ್ತಾರೆ. ‘ಸ್ತ್ರೀ’, ‘ರಾಷ್ಟ್ರ’ ಎಂದು ಹೇಳಿ ಅಭ್ಯಾಸವಿರುವ ಬಾಯಿಗೆ ‘ಸ್ಟ್ರೀಟ್’ ಭಾರವಲ್ಲ.

ತೊಡಕುಗಳೂ ಇವೆ. ಎಲೆ ಎಂದು ಬರೆದು ಯೆಲೆ ಎನ್ನುವವರು, ಒಲೆ ಎಂದು ಬರೆದು ವೊಲೆ ಎನ್ನುವವರು ನಾವು. ಹೀಗಾಗಿ ‘ಎಗ್’ ಯೆಗ್ಗಾಗುತ್ತದೆ, ‘ಓನ್ಲಿ’ ವೋನ್ಲಿಯಾಗುತ್ತದೆ. ಇದು ಅರ್ಥ ಕೆಡಿಸುವುದಿಲ್ಲ. ಇದರ ತಿರುವುಮುರುವು ಮಾತ್ರ ಕೆಡಿಸುತ್ತದೆ: ವರ್ಷ ಎನ್ನುವ ‘ಯಿಯರ್’ ಕಿವಿ ಎನ್ನುವ ‘ಇಯರ್’ ಆಗಿಬಿಡುತ್ತದೆ, ‘ವುಮನ್’ ಉಮನ್ ಆಗುತ್ತದೆ. ಕನ್ನಡದ ಪದ ಸ್ವರದಲ್ಲಿ ನಿಲ್ಲಬೇಕೆಂಬ ಹಟದಿಂದ ಬಸ್ಸು, ಪೆನ್ನು, ಕಾರು ಹುಟ್ಟಿದವು. ಕನ್ನಡ ಮಾತಾಡುವಾಗ ಅದೇ ಸರಿ, ಅದೇ ಚೆಂದ. ಇಂಗ್ಲಿಷ್ ವಾಕ್ಯದ ನಡುವೆ ಮಾತ್ರ ಆ ಉಕಾರವನ್ನು ಬಿಡಬೇಕು. ವಕಾರ ನಮಗೆ ಒಂದೇ, ಅವರಿಗೆ ಎರಡು: ತುಟಿ ದುಂಡಗೆ ಮಾಡುವುದೊಂದು, ಕೆಳತುಟಿಗೆ ಹಲ್ಲು ತಾಗಿಸುವುದೊಂದು. ‘ಪ್ರೈಸ್’ ಎಂದು ನಾವು ಒಂದೇ ಬಗೆಯಾಗಿ ಹೇಳುವ ಬೆಲೆ ಮತ್ತು ಬಹುಮಾನ ಅವರಲ್ಲಿ ಕೊನೆಯ ದನಿಯಿಂದ ಬೇರೆಯಾಗುತ್ತವೆ.

ನನಗೆ ತುಂಬ ಕುತೂಹಲ ಹುಟ್ಟಿಸಿದ್ದು ಮಹಾಪ್ರಾಣದ ಸಂಗತಿ. ‘ಪಿನ್’ ಎನ್ನುವಾಗ ಇಂಗ್ಲಿಷರ ಬಾಯಿಂದ ಪಕಾರದ ಹಿಂದೆಯೇ ಉಸಿರು ಚಿಮ್ಮುತ್ತದೆ. ತುಟಿಯ ಮುಂದೆ ತೆಳ್ಳನೆಯ ಕಾಗದ ಹಿಡಿದರೆ ಅದು ಅಲುಗುತ್ತದೆ. ನಾವು ಅಲ್ಪಪ್ರಾಣದಲ್ಲಿ ಹೇಳಿದರೆ ಕಾಗದ ಅಲುಗುವುದಿಲ್ಲ, ಅವರ ಕಿವಿಗೆ ಅದು ‘ಬಿನ್’ ಎಂದು ಬೀಳಬಹುದು. ಖ, ಠ, ಫ ನಮ್ಮ ವರ್ಣಮಾಲೆಯಲ್ಲೇ ಇವೆ. ದಿನದ ಮಾತಿನಲ್ಲಿ ಬಳಕೆ ಕಡಿಮೆ ನಿಜ, ಆದರೆ ಮಗ್ಗಿಯ ಹಾಗೆ ವರ್ಣಮಾಲೆ ಕಲಿತ ಎಲ್ಲರಿಗೂ ಅವು ಗೊತ್ತು. ತರಗತಿಯಲ್ಲಿ ‘ಪದದ ಮೊದಲ ಪಕಾರವನ್ನು ಮಹಾಪ್ರಾಣ ಮಾಡಿ’ ಎಂದು ಹೇಳಿದ ದಿನ ಮಕ್ಕಳಿಗೆ ಐದು ನಿಮಿಷದಲ್ಲಿ ಬಂತು. ಕನ್ನಡದಲ್ಲೇ ಇದ್ದ ಕೀಲಿಯನ್ನು ನಾವು ಬಳಸಿರಲಿಲ್ಲ. ಒಂದು ತೊಂದರೆ ಎಂದರೆ ‘ಫ’ ಈಗ ನಮ್ಮ ಬಾಯಲ್ಲೇ ಬದಲಾಗಿದೆ. ಫಲ, ಫಲಿತಾಂಶ ಎನ್ನುವಾಗ ಎಳೆಯರು ಹಲ್ಲಿಗೆ ತುಟಿ ತಾಗಿಸಿ ಇಂಗ್ಲಿಷಿನ ಎಫ್ ದನಿಯನ್ನೇ ಹೊರಡಿಸುತ್ತಾರೆ. ನಾವು ಇಂಗ್ಲಿಷನ್ನು ಕನ್ನಡ ಮಾಡುತ್ತಿರುವಾಗ ಇಂಗ್ಲಿಷೂ ಸುಮ್ಮನೆ ಕುಳಿತಿಲ್ಲ.

ಇದೆಲ್ಲಕ್ಕಿಂತ ದೊಡ್ಡದು ಒತ್ತಿನ ವಿಷಯ. ‘ರಾಗ’ ಎಂಬ ನಮ್ಮ ಪದ ಸರಿ ಎಂದು ನಾನು ಹೇಳಿದ್ದು ಇದಕ್ಕೇ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲಿನ ಕಾಲ ಸಿಗುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು, ಯಾರ ಪಾಲನ್ನೂ ಯಾರೂ ಕಿತ್ತುಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ಉಚ್ಚಾರಾಂಶದ ಮೇಲೆ ಭಾರ ಬೀಳುತ್ತದೆ, ಉಳಿದವು ಕುಗ್ಗಿ, ಸ್ವರ ಮಾಸಿ, ಕೆಲವೊಮ್ಮೆ ಕಾಣೆಯಾಗುತ್ತವೆ. ‘ಫೋಟಗ್ರಾಫ್’ನಲ್ಲಿ ಭಾರ ಮೊದಲಲ್ಲಿ. ಅದನ್ನು ತೆಗೆಯುವವನು ‘ಫಟಾಗ್ರಫರ್’, ಭಾರ ಎರಡನೆಯದರ ಮೇಲೆ. ‘ಫೋಟಗ್ರ್ಯಾಫಿಕ್’ ಎಂದರೆ ಮೂರನೆಯದರ ಮೇಲೆ. ‘ಕಂಫರ್ಟೇಬಲ್’ ಎಂದು ನಾವು ಅಕ್ಷರಕ್ಕೆ ಅಕ್ಷರ ನ್ಯಾಯ ಸಲ್ಲಿಸಿ ಹೇಳುವ ಪದ ಅಲ್ಲಿ ‘ಕಂಫ್ಟಬಲ್’. ಇದನ್ನು ವ್ಯಾಕರಣದಲ್ಲಿ ವಿವರಿಸಿ ನಾನು ಹಲವು ವರ್ಷ ಸೋತೆ. ಆಮೇಲೆ ಯಕ್ಷಗಾನದ ತಾಳದಿಂದ ಹೇಳಿದೆ. ತಾಳದಲ್ಲಿ ಪೆಟ್ಟು ಇದೆ, ಹುಸಿ ಇದೆ. ಪೆಟ್ಟು ಬಿದ್ದಲ್ಲಿ ಬಾಯಿ ತೆರೆದು ನಿಲ್ಲಿ, ಹುಸಿಯಲ್ಲಿ ಹಗುರ ಮಾಡಿ ದಾಟಿ. ರಾತ್ರಿಯಿಡೀ ಆಟ ನೋಡಿ ಬೆಳೆದ ಮಕ್ಕಳಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಅಂಗೈ ಬಡಿದುಕೊಂಡು ‘ಫಟಾಗ್ರಫರ್’ ಎಂದ ಒಂಬತ್ತನೆಯ ತರಗತಿಯ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ.

ಸಂಶೋಧಕರು ಏನು ಹೇಳುತ್ತಾರೆ? ಮೊದಲು ವಯಸ್ಸಿನ ಪ್ರಶ್ನೆ. ಹದಿಹರೆಯ ದಾಟುವ ಹೊತ್ತಿಗೆ ಭಾಷೆಯ ಬಾಗಿಲು ಮುಚ್ಚತೊಡಗುತ್ತದೆ ಎಂಬ ವಾದವನ್ನು ಎರಿಕ್ ಲೆನೆಬರ್ಗ್ 1967ರಲ್ಲಿ ಮಂಡಿಸಿದರು. ದನಿಯ ಮಟ್ಟಿಗೆ ಬಾಗಿಲು ಇನ್ನೂ ಎಷ್ಟು ಮುಂಚೆ ಕಿರಿದಾಗುತ್ತದೆ ಎಂಬುದನ್ನು 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಕೆನಡಾದಲ್ಲಿ ತೋರಿಸಿದರು. ಅವರು ಆರಿಸಿಕೊಂಡ ದನಿಗಳಲ್ಲಿ ನಮ್ಮ ಮನೆಯವೇ ಆದ ತಕಾರ ಮತ್ತು ಟಕಾರ ಇದ್ದವು, ಹಿಂದಿಯಿಂದ ತೆಗೆದುಕೊಂಡವು. ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಅವೆರಡನ್ನೂ ಬೇರೆಬೇರೆಯಾಗಿ ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಪಾಲು ಕರಗಿತ್ತು. ನಮ್ಮ ಹಟ್ಟಿಯ ಕೂಸಿಗೆ ಅಂಗಳದಲ್ಲಿ ಸಿಗುವ ‘ತಟ್ಟೆ’ಯ ತಕಾರ ಟಕಾರಗಳನ್ನು ಲಂಡನ್ನಿನ ಪ್ರೊಫೆಸರು ದೊಡ್ಡವನಾದ ಮೇಲೆ ಕೇಳಿಸಿಕೊಳ್ಳಲೂ ಕಷ್ಟಪಡುತ್ತಾನೆ. ನಾಲಗೆಗಿಂತ ಮೊದಲು ಬಿಗಿಯಾಗುವುದು ಕಿವಿ. ಹಾಗಿದ್ದರೆ ಅಭ್ಯಾಸವೂ ಕಿವಿಯಿಂದಲೇ ಶುರುವಾಗಬೇಕು.

ಎರಡನೆಯದು, ಧಾಟಿ ಇದ್ದರೆ ಅರ್ಥವಾಗುವುದಿಲ್ಲವೇ ಎಂಬ ಪ್ರಶ್ನೆ. 1995ರಲ್ಲಿ ಕೆನಡಾದ ಮರ್ರೇ ಮನ್ರೋ ಮತ್ತು ಟ್ರೇಸಿ ಡರ್ವಿಂಗ್ ಇದನ್ನು ಬಿಡಿಸಿ ನೋಡಿದರು. ಧಾಟಿ ಬಹಳ ಗಾಢವಾಗಿದೆ ಎಂದು ಕೇಳುಗರು ಅಂಕ ಕೊಟ್ಟ ಮಾತುಗಳನ್ನೇ ಅವರು ಪದಕ್ಕೆ ಪದ ಸರಿಯಾಗಿ ಬರೆದುಕೊಂಡಿದ್ದರು. ಬೇರೆ ಊರಿನ ವಾಸನೆ ಇರುವುದು ಒಂದು, ತಿಳಿಯದಿರುವುದು ಇನ್ನೊಂದು. ಈ ಒಂದು ಮಾತು ನಮ್ಮ ಪ್ರತಿ ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲೂ ಮೊದಲ ದಿನವೇ ಬರಬೇಕು. ತಿಳಿಯದಂತೆ ಮಾಡುವುದು ಯಾವುದು ಎಂಬಲ್ಲಿ ಮಾತ್ರ ವಿದ್ವಾಂಸರು ಒಂದಾಗಿಲ್ಲ. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಲ್ಲಿದ್ದ ಆರ್.ಕೆ. ಬನ್ಸಾಲ್ ಭಾರತೀಯರ ಇಂಗ್ಲಿಷ್ ಬೇರೆಯವರಿಗೆ ಎಷ್ಟು ತಿಳಿಯುತ್ತದೆ ಎಂದು ಅಳೆದು 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪದದ ಒತ್ತು ತಪ್ಪುವುದನ್ನು ಮುಖ್ಯ ಕಾರಣಗಳಲ್ಲಿ ಎಣಿಸಿದರು. ಜೆನಿಫರ್ ಜೆಂಕಿನ್ಸ್ 2000ದಲ್ಲಿ ತಂದ ಪುಸ್ತಕದಲ್ಲಿ ಬೇರೆ ನಿಲುವು ತೆಗೆದುಕೊಂಡರು. ಇಂಗ್ಲಿಷು ತಾಯ್ನುಡಿಯಲ್ಲದ ಇಬ್ಬರು ಮಾತಾಡುವಾಗ ಸ್ವರದ ಉದ್ದ, ಮೊದಲ ವ್ಯಂಜನದ ಉಸಿರು, ಒತ್ತಕ್ಷರಗಳನ್ನು ನುಂಗದಿರುವುದು, ವಾಕ್ಯದ ಮುಖ್ಯ ಪದಕ್ಕೆ ಭಾರ ಕೊಡುವುದು ಇಷ್ಟಿದ್ದರೆ ಸಾಕು, ನಾಲಗೆ ಹಲ್ಲುಗಳ ನಡುವೆ ಬರಲೇಬೇಕೆಂದಿಲ್ಲ, ಪದದ ಒತ್ತೂ ಕಟ್ಟುನಿಟ್ಟಲ್ಲ ಎಂದರು. ಮಾತಾಡುವುದು ಯಾರೊಡನೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅಡಿಕೆ ತೋಟದ ಹುಡುಗಿ ನಾಳೆ ಕೊರಿಯಾದವರ ಕಂಪನಿಗೂ ಹೋಗಬಹುದು, ಲಂಡನ್ನಿನ ಆಸ್ಪತ್ರೆಗೂ ಹೋಗಬಹುದು. ನನ್ನ ಅನುಭವದಲ್ಲಿ ಒತ್ತನ್ನು ಕಲಿಸುವುದೇ ಲೇಸು. ಅದನ್ನು ಕಲಿತ ಮಗುವಿಗೆ ತಾನು ಹೇಳುವುದಕ್ಕಿಂತ ಮುಖ್ಯವಾಗಿ ಬೇರೆಯವರು ಹೇಳಿದ್ದು ತಿಳಿಯುತ್ತದೆ. ‘ಕಂಫ್ಟಬಲ್’ ಎಂದು ಹೇಳದಿದ್ದರೂ ಚಿಂತೆಯಿಲ್ಲ, ಕೇಳಿದಾಗ ಗುರುತು ಸಿಗಬೇಕು.

ದನಿಯ ಏರಿಳಿತದ ಬಗ್ಗೆ ಜಾನ್ ಗಂಪರ್ಜ್ 1982ರ ತಮ್ಮ ಪುಸ್ತಕದಲ್ಲಿ ಹೇಳುವ ಘಟನೆಯೊಂದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಬ್ರಿಟನ್ನಿನ ದೊಡ್ಡ ವಿಮಾನ ನಿಲ್ದಾಣವೊಂದರ ಕ್ಯಾಂಟೀನಿನಲ್ಲಿ ಬಡಿಸಲು ಭಾರತ, ಪಾಕಿಸ್ತಾನಗಳ ಹೆಂಗಸರನ್ನು ಸೇರಿಸಿಕೊಂಡಿದ್ದರು. ಅವರು ಒರಟರು, ಸಹಕರಿಸುವುದಿಲ್ಲ ಎಂದು ದೂರು ಬರತೊಡಗಿತು. ಆಡುತ್ತಿದ್ದದ್ದು ಒಂದೆರಡು ಪದ. ಊಟಕ್ಕೆ ಬಂದವರಿಗೆ ‘ಗ್ರೇವಿ’ ಎನ್ನುತ್ತಿದ್ದರು, ದನಿ ಇಳಿಸಿ. ಅಲ್ಲಿನವರಾದರೆ ದನಿ ಏರಿಸಿ ‘ಗ್ರೇವಿ?’ ಎನ್ನುತ್ತಿದ್ದರು. ಏರಿದ ದನಿ ‘ಬಡಿಸಲೇ?’ ಎಂದು ಕೇಳಿದಂತೆ, ಇಳಿದ ದನಿ ‘ಇದು ಗ್ರೇವಿ, ಬೇಕಾದರೆ ತಗೋ’ ಎಂದಂತೆ. ಕನ್ನಡದಲ್ಲಿ ‘ಸಾರು ಬೇಕಾ’ ಎಂದು ಕೊನೆಗೆ ಆಕಾರ ಸೇರಿಸಿದರೆ ಪ್ರಶ್ನೆಯಾಯಿತು, ದನಿ ಆ ಹೊರೆ ಹೊರಬೇಕಿಲ್ಲ. ನಾಲಗೆ ಇಂಗ್ಲಿಷಿಗೆ ದಾಟಿದಾಗ ಆ ಆಕಾರ ಬಿಟ್ಟುಹೋಗುತ್ತದೆ, ಅದರ ಜಾಗದಲ್ಲಿ ದನಿ ಏರಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಉಚ್ಚಾರ ತಪ್ಪಿದರೆ ಹೊರಗಿನವನೆಂದು ಮನ್ನಿಸುತ್ತಾರೆ, ಏರಿಳಿತ ತಪ್ಪಿದರೆ ಗುಣವೇ ಕೆಟ್ಟದ್ದೆಂದು ತಿಳಿಯುತ್ತಾರೆ. ಆ ಹೆಂಗಸರಿಗೆ ಆದ ಅನ್ಯಾಯ ಪುಸ್ತಕದಲ್ಲಿ ದಾಖಲಾಯಿತು. ದಾಖಲಾಗದೆ ಉಳಿದದ್ದು ಎಷ್ಟೋ.

ತಿದ್ದಿಕೊಳ್ಳುವ ಕೆಲಸವೆಲ್ಲ ಮಾತಾಡುವವನದೇ ಅಲ್ಲ. 1992ರಲ್ಲಿ ಅಮೆರಿಕದ ಡೊನಾಲ್ಡ್ ರೂಬಿನ್ ಒಂದೇ ಉಪನ್ಯಾಸದ ಧ್ವನಿಮುದ್ರಿಕೆಯನ್ನು, ಅದೂ ಅಮೆರಿಕದ ಹೆಂಗಸೊಬ್ಬಳ ದನಿಯಲ್ಲಿದ್ದದ್ದನ್ನು, ವಿದ್ಯಾರ್ಥಿಗಳ ಎರಡು ಗುಂಪುಗಳಿಗೆ ಕೇಳಿಸಿದರು. ಒಂದು ಗುಂಪಿನ ಮುಂದೆ ಬಿಳಿಯ ಹೆಂಗಸಿನ ಫೋಟೋ, ಇನ್ನೊಂದರ ಮುಂದೆ ಏಷ್ಯಾದ ಹೆಂಗಸಿನ ಫೋಟೋ. ಎರಡನೆಯ ಗುಂಪಿನವರು ಇಲ್ಲದ ಧಾಟಿಯನ್ನು ಕೇಳಿಸಿಕೊಂಡರು, ಪಾಠವೂ ಅವರಿಗೆ ಕಡಿಮೆ ತಿಳಿಯಿತು. 2010ರಲ್ಲಿ ಶಿಕಾಗೋದ ಶಿರಿ ಲೆವ್-ಆರಿ ಮತ್ತು ಬೋಅಜ್ ಕೇಸರ್ ಜಿರಾಫೆ ಒಂಟೆಗಿಂತ ಹೆಚ್ಚು ದಿನ ನೀರಿಲ್ಲದೆ ಇರಬಲ್ಲದು ಎಂಬಂಥ ಸಂಗತಿಗಳನ್ನು ಬೇರೆಬೇರೆ ಧಾಟಿಯವರಿಂದ ಹೇಳಿಸಿ ನೋಡಿದರು. ಪರಕೀಯ ಧಾಟಿಯಲ್ಲಿ ಕೇಳಿದ್ದನ್ನು ಜನ ಕಡಿಮೆ ನಂಬಿದರು. ಕಿವಿಗೆ ಆಗುವ ಸಣ್ಣ ಶ್ರಮವನ್ನು ಮನಸ್ಸು ಸುಳ್ಳೆಂದು ಎಣಿಸಿತು. ಇಂಗ್ಲಿಷರು ತಮ್ಮವರನ್ನೂ ಬಿಟ್ಟಿಲ್ಲ. 1941ರಲ್ಲಿ ಬಿಬಿಸಿ ಯಾರ್ಕ್‌ಶೈರಿನ ಮಾತಿನ ವಿಲ್ಫ್ರೆಡ್ ಪಿಕಲ್ಸ್ ಅವರಿಂದ ವಾರ್ತೆ 
ಓದಿಸಿದಾಗ ಕೇಳುಗರಿಂದ ದೂರುಗಳು ಬಂದವು.

ಬೆಂಗಳೂರಿಗೆ ಹೋದ ನಮ್ಮ ಮಕ್ಕಳು ಈ ಎಲ್ಲದರ ಬೆಲೆಯನ್ನು ಸಂಬಳದಲ್ಲಿ ಕಂಡರು. 1990ರ ದಶಕದ ಕೊನೆಯಿಂದ ಎದ್ದ ಕಾಲ್ ಸೆಂಟರುಗಳಲ್ಲಿ ಧಾಟಿಯನ್ನು ‘ತಟಸ್ಥ’ಗೊಳಿಸುವ ತರಬೇತಿ ಬಂತು. ರಾತ್ರಿಪಾಳಿಗೆ ಬೇರೆ ಹೆಸರು, ಬೇರೆ ದನಿ. ನನ್ನ ವಿದ್ಯಾರ್ಥಿಯೊಬ್ಬ ಹೀಗೆ ಮೂರು ವರ್ಷ ದುಡಿದು ಬಂದ. ರಜೆಗೆ ಮನೆಗೆ ಬಂದರೆ ಅಮ್ಮನ ಹತ್ತಿರ ಮಾತಾಡುವಾಗ ಮೊದಲ ದಿನ ಬಾಯಿ ತಡವರಿಸುತ್ತಿತ್ತು ಎಂದಿದ್ದ. ತಟಸ್ಥ ಧಾಟಿ ಎಂಬುದೊಂದಿಲ್ಲ. ದುಡ್ಡಿರುವವರ ಕಿವಿಗೆ ಒಗ್ಗಿದ್ದಕ್ಕೆ ಆ ಹೆಸರು. ಈಗ ಆ ತರಬೇತಿಯೂ ಬೇಡವಾಗುತ್ತಿದೆ. ಮಾತಾಡುತ್ತಿರುವಂತೆಯೇ ದನಿಯ ಧಾಟಿ ಬದಲಿಸುವ ಸಾಫ್ಟ್‌ವೇರನ್ನು ಅಮೆರಿಕದ ಸನಾಸ್ ಎಂಬ ಕಂಪನಿ ತಂದಿದೆ. ಫ್ರಾನ್ಸಿನ ಟೆಲಿಪರ್ಫಾರ್ಮೆನ್ಸ್ ತನ್ನ ಭಾರತದ ನೌಕರರ ಮಾತಿಗೆ ಅದನ್ನು ಬಳಸುತ್ತಿರುವುದು 2025ರಲ್ಲಿ ಸುದ್ದಿಯಾಯಿತು. ಬೈಗಳು ತಿನ್ನುವುದು ತಪ್ಪುತ್ತದೆ ಎಂದು ಅಲ್ಲಿ ದುಡಿಯುವವರಿಗೆ ಸಮಾಧಾನವಿದ್ದರೆ ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಒಬ್ಬನ ದನಿಯನ್ನು ಅವನ ಬಾಯಿಂದ ಹೊರಟ ಕ್ಷಣದಲ್ಲೇ ಅಳಿಸುವ ಯಂತ್ರ ನನಗೆ ದುಃಖ ತರುತ್ತದೆ.

ದನಿ ಬದಲಿಸುವುದೇ ತಪ್ಪೆಂದು ಇದರ ಅರ್ಥವಲ್ಲ. ತುಮರಿಗೆ ಈ ವಿಷಯದಲ್ಲಿ ಬೇರೆಯವರಿಗಿಲ್ಲದ ಭಾಗ್ಯವಿದೆ. ಕೆ.ಜಿ. ಕೃಷ್ಣಮೂರ್ತಿಯವರು ಕಟ್ಟಿದ ಮಕ್ಕಳ ನಾಟಕದ ತಂಡ ‘ಕಿನ್ನರ ಮೇಳ’ ಇದೇ ತುಮರಿಯದು. ಹೊಳೆಯ ಆಚೆ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಇದೆ, ಕೆ.ವಿ. ಸುಬ್ಬಣ್ಣ 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು. ರಂಗದ ಮೇಲೆ ನಟ ಬೇರೆಯವನ ದನಿಯನ್ನು ತೊಡುತ್ತಾನೆ, ಕೆಳಗಿಳಿದು ಚಹಾ ಕುಡಿಯುವಾಗ ತನ್ನೂರಿನ ಕನ್ನಡಕ್ಕೆ ಮರಳುತ್ತಾನೆ. ತನ್ನದನ್ನು ಕಳೆದುಕೊಂಡೆ ಎಂಬ ಭಯ ಅವನಿಗಿಲ್ಲ, ಬೇರೆಯದನ್ನು ಆಡುತ್ತಿದ್ದೇನೆ ಎಂಬ ನಾಚಿಕೆಯೂ ಇಲ್ಲ. ಇಂಗ್ಲಿಷ್ ತರಗತಿಯಲ್ಲಿ ಇಲ್ಲದ್ದು ಈ ಧೈರ್ಯವೇ. ಬಾಯಿಪಾಠದಲ್ಲಿ ‘ಐ ಆ್ಯಮ್ ಎ ಗರ್ಲ್’ ಎನ್ನಲು ಹೆದರುವ ಹುಡುಗಿ ನಾಟಕದ ಮುದುಕಿಯಾಗಿ ಇಂಗ್ಲಿಷಿನಲ್ಲಿ ಬೈಯುವುದನ್ನು ನಾನು ನೋಡಿದ್ದೇನೆ. ಆಗ ಅವಳ ದನಿ ಏರಬೇಕಾದಲ್ಲಿ ಏರಿತು, ಯಾರೂ ಹೇಳಿಕೊಡದೆ.

ಹೀಗಾಗಿ ನಾನು ಮಾಡುತ್ತಿದ್ದದ್ದು ಸರಳ. ದಿನಕ್ಕೆ ಹತ್ತು ನಿಮಿಷ ಪುಸ್ತಕ ಮುಚ್ಚಿ ಕೇಳುವುದು, ಒಂದೇ ಮಾತನ್ನು ಮತ್ತೆ ಮತ್ತೆ. ಭಾಗವತರ ಹಿಂದೆ ಶಿಷ್ಯ ಹಾಡುವ ಹಾಗೆ ಆ ದನಿಯ ನೆರಳಾಗಿ ಜೊತೆಜೊತೆಗೇ ಹೇಳುವುದು. ಅಂಗೈ ಬಡಿದು ಪೆಟ್ಟು ಗುರುತಿಸುವುದು. ಒಂದೇ ಧಾಟಿಯನ್ನಲ್ಲ, ಆಫ್ರಿಕಾದವರ, ಸ್ಕಾಟ್ಲೆಂಡಿನವರ, ತಮಿಳರ ಇಂಗ್ಲಿಷನ್ನೂ ಕೇಳಿಸುವುದು, ಎಲ್ಲರ ಮಾತಿಗೂ ಒಂದು ಊರಿದೆ ಎಂದು ತಿಳಿಯಲಿ ಎಂದು. ಯೆಗ್ಗನ್ನು ನಾನು ತಿದ್ದುತ್ತಿರಲಿಲ್ಲ. ಒತ್ತು, ವರ್ಷ ಕಿವಿಯಾಗುವುದು, ಪಿನ್ನು ಬಿನ್ನಾಗುವುದು, ಇವನ್ನು ಬಿಡುತ್ತಿರಲಿಲ್ಲ. ಮಾತಿನ ನಡುವೆ ಎಂದೂ ತಡೆಯುತ್ತಿರಲಿಲ್ಲ.

ಅಮೆರಿಕದಲ್ಲಿ ನೆಲೆಸಿದ ಮಗನ ಮಗು ವೀಡಿಯೋ ಕಾಲಿನಲ್ಲಿ ‘ಅಜ್ಜಿ, ಊಟ ಆಯ್ತಾ’ ಎನ್ನುತ್ತದೆ. ಅದರ ತಕಾರ ಅತ್ತ ತಕಾರವೂ ಅಲ್ಲ, ಇತ್ತ ಟಕಾರವೂ ಅಲ್ಲ, ನಾಲಗೆ ಎಲ್ಲೋ ನಡುವೆ ನಿಂತಿರುತ್ತದೆ. ಅಜ್ಜಿ ತಿದ್ದುವುದಿಲ್ಲ, ‘ಇನ್ನೊಂದ್ಸಲ ಹೇಳು ಮಗಾ’ ಎನ್ನುತ್ತಾಳೆ. ಮುಂಡಗೋಡಿನ ಕ್ಯಾಂಪಿನ ಟಿಬೆಟಿನ ಮುದುಕ ಸಂತೆಯಲ್ಲಿ ಕನ್ನಡದಲ್ಲಿ ಚೌಕಾಸಿ ಮಾಡಿದರೆ ಅಂಗಡಿಯವನ ಮುಖ ಅರಳುತ್ತದೆ. ನಮ್ಮ ಭಾಷೆಗೆ ಬಂದವರಿಗೆ ಕೊಟ್ಟ ಈ ಪ್ರೀತಿಯನ್ನು ಇನ್ನೊಂದು ಭಾಷೆಗೆ ಹೋದ ನಮ್ಮ ಮಕ್ಕಳಿಗೆ ನಾವೇ ಕೊಡುತ್ತಿಲ್ಲ. ತರಗತಿಯಲ್ಲಿ ಮೊದಲು ನಕ್ಕವರು ಇಂಗ್ಲಿಷರಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ 2.44 ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. ಅಲ್ಲಿಯವರೆಗೆ ಈ ಸೀಮೆಯ ಬದುಕು ನಿಂತದ್ದು ಹೊಳೆಬಾಗಿಲಿನ ಲಾಂಚಿನ ಮೇಲೆ. ಬಸ್ಸು, ಬಾಣಂತಿ, ಅಡಿಕೆ ಮೂಟೆ, ಸಿಗಂದೂರಿನ ಭಕ್ತರು, ಕಾಲೇಜಿನ ಮಕ್ಕಳು ಎಲ್ಲ ಅದರಲ್ಲೇ ದಾಟಿದರು. ‘ಲಾಂಚು’ ಎಂಬ ಪದವನ್ನು ಇಂಗ್ಲಿಷರು ಪೋರ್ಚುಗೀಸರಿಂದಲೋ ಸ್ಪೇನಿನವರಿಂದಲೋ ಪಡೆದರು, ಅವರಿಗೆ ಅದು ಮಲಯದ ಸಮುದ್ರದವರ ಬಾಯಿಂದ ಸಿಕ್ಕಿರಬಹುದು ಎನ್ನುತ್ತಾರೆ ನಿಘಂಟುಕಾರರು. ಪ್ರತಿ ಬಂದರಿನಲ್ಲೂ ಅದರ ದನಿ ಒಂದಿಷ್ಟು ಬದಲಾಯಿತು. ಶರಾವತಿಯ ದಡಕ್ಕೆ ಬಂದಾಗ ಕೊನೆಗೊಂದು ಉಕಾರ ಸೇರಿತು. ಸಂಜೆಯ ಕೊನೆಯ ಸರದಿ ತಪ್ಪೀತೆಂದು ಚೀಲ ಹಿಡಿದು ಓಡಿಬರುತ್ತಿದ್ದ ಅಮ್ಮಂದಿರು ದೂರದಿಂದಲೇ ‘ಲಾಂಚು ನಿಲ್ಸಿ’ ಎಂದು ಕೂಗುತ್ತಿದ್ದರು, ಲಾಂಚು ನಿಲ್ಲುತ್ತಿತ್ತು.